ಸೊನ್ನಲಿಗೆಯ ಕೆರೆಯಂಗಳದ ಪ್ರಶ್ನೆ

ಶೂನ್ಯಸಂಪಾದನೆಯ ಸಿದ್ಧರಾಮ ಪ್ರಸಂಗವನ್ನು ಅಲ್ಲಮನ ಮಹಿಮೆಯ ಕಥನವೆಂದಷ್ಟೇ ಓದಿದರೆ ಅದರ ತಿರುಳು ಕೈತಪ್ಪುತ್ತದೆ. ಸೊನ್ನಲಿಗೆಗೆ, ಅಂದರೆ ಇಂದಿನ ಸೊಲ್ಲಾಪುರಕ್ಕೆ, ಬಂದ ಅಲ್ಲಮನು ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ. ಶಿಷ್ಯರು ಕಲ್ಲೆಸೆಯುತ್ತಾರೆ, ಗುರುವೂ ಕೆರಳುತ್ತಾನೆ. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ತಾನು ಕಟ್ಟಿಸಿದೆನೆಂಬ ಭಾವದ ಮೇಲೆ. ಹಾಗಾಗಿ ಇಲ್ಲಿ ಗುರುತ್ವವನ್ನು ಪ್ರಶ್ನಿಸುವುದೆಂದರೆ ಗುರುವೇ ತನ್ನನ್ನು ತಾನು ಕೇಳಿಕೊಳ್ಳುವುದು. ಬಿಡುಗಡೆ ಆ ಅರಿವಿನಲ್ಲಿದೆ.

ಆದರೆ ಸಂಪಾದನಕಾರರು ಅಲ್ಲಿಗೆ ನಿಲ್ಲುವುದಿಲ್ಲ. ಸಿದ್ಧರಾಮನನ್ನು ಕಲ್ಯಾಣಕ್ಕೆ ಕರೆತಂದು ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆ ಕೊಡಿಸುತ್ತಾರೆ. ಮುಂದೆ ಶೂನ್ಯಸಿಂಹಾಸನದಲ್ಲಿಯೂ ಅವನಿಗೆ ಸ್ಥಾನ ದೊರೆಯುತ್ತದೆ. ಒಳಗಿನ ಅರಿವಿಗೆ ಹೊರಗಿನ ಮುದ್ರೆ ಏಕೆ ಬೇಕಾಯಿತು? 15ನೆಯ ಶತಮಾನದಲ್ಲಿ ಚದುರಿದ ವಚನಗಳನ್ನೂ ಪರಂಪರೆಯನ್ನೂ ಒಟ್ಟುಗೂಡಿಸುತ್ತಿದ್ದ ಕೃತಿಗೆ ಅದು ಅಗತ್ಯವೆನಿಸಿರಬಹುದು. ಆದರೂ ಅಲ್ಲಮನ ಪ್ರಶ್ನೆ ಆ ಸಿಂಹಾಸನವನ್ನೂ ಬಿಡುವುದಿಲ್ಲ. ಕೃತಿಯ ಬಲವಿರುವುದು ತನ್ನ ಸಮಾಧಾನವನ್ನು ಮೀರುವ ಈ ಪ್ರಶ್ನೆಯನ್ನು ಉಳಿಸಿಕೊಂಡಿರುವುದರಲ್ಲಿ.