‘ಡ್ಯಾಜಲ್ ಶಿಪ್ಸ್’ ತನ್ನ ಕಾಲದ್ದೇ

‘ಕಾಲಕ್ಕಿಂತ ಮುಂದಿದ್ದ ಕೃತಿ’ ಎನ್ನುವುದು ವಿಮರ್ಶೆಯ ಅತ್ಯಂತ ಸೋಮಾರಿ ಹೊಗಳಿಕೆ. ಬ್ರಿಟನ್ನಿನ ಸಿಂತ್-ಪಾಪ್ ತಂಡ ಓಎಂಡಿಯ ‘ಡ್ಯಾಜಲ್ ಶಿಪ್ಸ್’ ಆಲ್ಬಂ ಬಗ್ಗೆ ಈಗ ಯಾರು ಬರೆದರೂ ಈ ಮಾತು ಬಂದೇ ಬರುತ್ತದೆ. 1983ರಲ್ಲಿ ಅದು ಬಂದಾಗ ವಾಣಿಜ್ಯ ಆತ್ಮಹತ್ಯೆ ಎಂದರು. ಈಗ ಅರ್ಥವಾಗದೆ ಉಳಿದ ಮೇರುಕೃತಿ ಎನ್ನುತ್ತಾರೆ. ಮೊದಲ ತೀರ್ಪಿನಷ್ಟೇ ಎರಡನೆಯದೂ ನನಗೆ ಸಿಟ್ಟು ಬರಿಸುತ್ತದೆ. ಬೈದವರು ಮಾರಾಟ ನೋಡಿದರು, ಹೊಗಳುವವರು ಧೈರ್ಯ ನೋಡುತ್ತಾರೆ. ಆ ಮೂವತ್ತೈದು ನಿಮಿಷಗಳಲ್ಲಿ ಏನು ಕೇಳಿಸುತ್ತದೆ ಎಂಬ ಪ್ರಶ್ನೆಗೆ ಇಬ್ಬರಲ್ಲೂ ಉತ್ತರವಿಲ್ಲ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. 1981ರ ‘ಆರ್ಕಿಟೆಕ್ಚರ್ ಆ್ಯಂಡ್ ಮೊರಾಲಿಟಿ’ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು, ಅದರ ಮೂರು ಸಿಂಗಲ್‌ಗಳೂ ಮೊದಲ ಐದರೊಳಗೆ ಬಂದವು. ಅವುಗಳಲ್ಲಿ ಎರಡು ಜೋನ್ ಆಫ್ ಆರ್ಕ್ ಒಬ್ಬಳ ಮೇಲೆಯೇ ಬರೆದ ಹಾಡುಗಳು. ಮೆಲೊಟ್ರಾನಿನ ಕಾಯಿರ್ ದನಿಗಳನ್ನು ಹಿಂದೆ ನಿಲ್ಲಿಸಿ, ಹದಿನೈದನೇ ಶತಮಾನದ ಸಂತಳನ್ನು ಪಾಪ್ ಪಟ್ಟಿಯ ತುದಿಗೆ ಒಯ್ದ ಹುಡುಗರು ಇವರು. ಅದೇ ತಂಡದ ಮುಂದಿನ ಆಲ್ಬಂ 5ನೇ ಸ್ಥಾನ ಮುಟ್ಟಿ ಬೇಗನೆ ಜಾರಿತು. ಸಿಂಗಲ್‌ಗಳಲ್ಲಿ ‘ಜೆನೆಟಿಕ್ ಎಂಜಿನಿಯರಿಂಗ್’ 20ಕ್ಕೆ ನಿಂತಿತು, ‘ಟೆಲಿಗ್ರಾಫ್’ 42ಕ್ಕೆ. ಮೂವತ್ತು ಲಕ್ಷ ಕೇಳುಗರು ಮೂರು ಲಕ್ಷಕ್ಕಿಳಿದ ಲೆಕ್ಕ ಈಗಲೂ ಈ ಆಲ್ಬಂನ ಬೆನ್ನು ಬಿಟ್ಟಿಲ್ಲ.

ಧೈರ್ಯದ ಕಥೆಯನ್ನು ನಾನು ನಂಬುವುದಿಲ್ಲ. ಓಎಂಡಿ ಕಟ್ಟಿದ ಆಂಡಿ ಮೆಕ್ಲಸ್ಕಿ ಮತ್ತು ಪಾಲ್ ಹಂಫ್ರೀಸ್ ಆ ಹೊತ್ತಿಗೆ ಬರಿದಾಗಿದ್ದರು. ಹೊಸ ಹಾಡು ಹುಟ್ಟುತ್ತಿರಲಿಲ್ಲ. ‘ದ ರೊಮಾನ್ಸ್ ಆಫ್ ದ ಟೆಲಿಸ್ಕೋಪ್’ ಅದಕ್ಕೆ ಮುಂಚೆ ‘ಜೋನ್ ಆಫ್ ಆರ್ಕ್’ ಸಿಂಗಲ್‌ನ ಹಿಂಬದಿಯಲ್ಲಿ ಬಂದಿತ್ತು. ‘ಆಫ್ ಆಲ್ ದ ಥಿಂಗ್ಸ್ ವೀವ್ ಮೇಡ್’ ಕೂಡ ‘ಮೇಡ್ ಆಫ್ ಓರ್ಲಿಯನ್ಸ್’ನ ಹಿಂಬದಿಯ ಹಾಡೇ. ‘ರೇಡಿಯೋ ವೇವ್ಸ್’ ಓಎಂಡಿ ಹುಟ್ಟುವ ಮುನ್ನ ಇವರಿದ್ದ ‘ದ ಐಡಿ’ ತಂಡದ ಕಾಲದ್ದು. ಬರಿದಾದವರು ಕೈಗೆ ಸಿಕ್ಕಿದ್ದರಿಂದ ಕಟ್ಟಿದ ಆಲ್ಬಂ ಇದು. ಇದನ್ನು ಮುಚ್ಚಿಟ್ಟು ‘ದಿಟ್ಟ ಪ್ರಯೋಗ’ ಎಂದು ಕೊಂಡಾಡಿದರೆ ಅದರ ಆರ್ತತೆಯೇ ಹೋಗಿಬಿಡುತ್ತದೆ.

ಕೈಗೆ ಸಿಕ್ಕಿದ್ದು ಯಾವುದು? ಶಾರ್ಟ್‌ವೇವ್. ಆಲ್ಬಂ ತೆರೆದುಕೊಳ್ಳುವುದೇ ‘ರೇಡಿಯೋ ಪ್ರಾಗ್’ನ ಗುರುತಿನ ಸಂಗೀತದಿಂದ. ‘ಟೈಮ್ ಝೋನ್ಸ್’ನಲ್ಲಿ ಹಲವು ದೇಶಗಳ ಸಮಯ ಹೇಳುವ ಟೆಲಿಫೋನ್ ದನಿಗಳು ಒಂದರ ಮೇಲೊಂದು ಬೀಳುತ್ತವೆ. ರಾತ್ರಿ ಹೊತ್ತು ರೇಡಿಯೋದ ಮುಳ್ಳು ತಿರುಗಿಸುತ್ತ ಮಾಸ್ಕೋ, ಕೊಲಂಬೊ, ಲಂಡನ್‌ಗಳನ್ನು ಹಿಡಿದ ಕನ್ನಡ ಕೇಳುಗರಿಗೆ ಇದು ಅವಾಂಗಾರ್ದ್ ಕೊಲಾಜ್ ಆಗಿ ಕೇಳಿಸಲಾರದು. ಕಾರ್ಯಕ್ರಮಕ್ಕೆ ಮುಂಚೆ ಮತ್ತೆ ಮತ್ತೆ ಬರುತ್ತಿದ್ದ ಆ ಚುಟುಕು ರಾಗ, ಅಲೆಅಲೆಯಾಗಿ ಏರಿಳಿಯುವ ಕರಕರ, ಅರ್ಥವಾಗದ ಭಾಷೆಯಲ್ಲಿ ಗಂಭೀರವಾಗಿ ಮಾತಾಡುವ ಹೆಂಗಸು: ಇದು ಬಲ್ಲ ಲೋಕ. ಲಂಡನ್ನಿನ ವಿಮರ್ಶಕರು ಒಗಟು ಎಂದದ್ದನ್ನು ರೇಡಿಯೋ ಕೇಳುವವರು ವಾಸ್ತವ ಎನ್ನುತ್ತಿದ್ದರು. ನಾನು ಇವರ ಕಡೆ.

ಆ ವಾಸ್ತವ ಯಾವ ಕಾಲದ್ದೆಂದೂ ನೋಡಬೇಕು. ಆಲ್ಬಂ ಬಂದದ್ದು 1983ರ ಮಾರ್ಚ್‌ನಲ್ಲಿ. ಅದೇ ತಿಂಗಳು ಅಮೆರಿಕದ ಅಧ್ಯಕ್ಷ ರೇಗನ್ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯವೆಂದು ಕರೆದರು, ಆಕಾಶದಲ್ಲೇ ಕ್ಷಿಪಣಿ ತಡೆಯುವ ಯೋಜನೆ ಸಾರಿದರು. ಬರ್ಲಿನ್ ಗೋಡೆಯ ಆಚೆಯ ದನಿಗಳನ್ನು ಪ್ರಚಾರವೆಂದು ತಳ್ಳಿಹಾಕುವುದೇ ರೂಢಿಯಾಗಿದ್ದಾಗ ಮರ್ಸಿ ನದಿಯ ದಡದ ಇಬ್ಬರು ಹುಡುಗರು ಪ್ರಾಗ್‌ನ ದನಿಯನ್ನು ಮೊದಲ ಹಾಡಿನ ಜಾಗದಲ್ಲಿ ಕೂರಿಸಿದರು. ‘ಇಂಟರ್‌ನ್ಯಾಷನಲ್’ ಕೇಳಿ. ಸರ್ವಾಧಿಕಾರಿ ಸೊಮೋಜಾನ ಕಾವಲುಪಡೆ ಕೈಗಳನ್ನು ಕತ್ತರಿಸಿದ ನಿಕರಾಗುವಾ ಹುಡುಗಿಯೊಬ್ಬಳ ಸುದ್ದಿ ಮೊದಲು, ಬಳಿಕ ನಿಧಾನವಾಗಿ ಮೂರು ತಾಳದ ವಾಲ್ಟ್ಸ್. ಸುದ್ದಿ ಮುಗಿದು ಹಾಡು ಶುರುವಾಗುತ್ತದೆ, ಆದರೆ ಸುದ್ದಿ ಹಾಡಿನೊಳಗಿಂದ ಹೊರಹೋಗುವುದಿಲ್ಲ. ಸಿಂತ್-ಪಾಪ್‌ಗೆ ಎದೆಯಿಲ್ಲ, ಅದು ಯಂತ್ರದ ತಣ್ಣನೆಯ ಕೂಗು ಎನ್ನುವವರಿಗೆ ನಾನು ಒಡ್ಡುವ ಉದಾಹರಣೆ ಇದೊಂದೇ. ಇದು ಸಾಲದೆ ಹೋದರೆ ಅವರೊಂದಿಗೆ ವಾದ ಮುಂದುವರಿಸಲು ನನಗೆ ಇಷ್ಟವಿಲ್ಲ.

ಮುಖಪುಟವೂ ಇದೇ ಲೋಕದ್ದು. ಹೆಸರು ಸೂಚಿಸಿದ್ದು ವಿನ್ಯಾಸಕ ಪೀಟರ್ ಸ್ಯಾವಿಲ್, ಮೂಲ ಚಿತ್ರಕಾರ ಎಡ್ವರ್ಡ್ ವಾಡ್ಸ್‌ವರ್ತ್ 1919ರಲ್ಲಿ ಬರೆದ, ಲಿವರ್‌ಪೂಲ್ ಹಡಗುಕಟ್ಟೆಯ ಚಿತ್ರ. ಮೊದಲ ಮಹಾಯುದ್ಧದಲ್ಲಿ ಹಡಗುಗಳಿಗೆ ಬಳಿದ ‘ಡ್ಯಾಜಲ್’ ಎಂಬ ಕರಿ-ಬಿಳಿ ಪಟ್ಟೆಗಳು ಹಡಗನ್ನು ಬಚ್ಚಿಡುತ್ತಿರಲಿಲ್ಲ. ಅದರ ದಿಕ್ಕನ್ನೂ ವೇಗವನ್ನೂ ಜಲಾಂತರ್ಗಾಮಿಯ ಕಣ್ಣಿಗೆ ತಪ್ಪಾಗಿ ತೋರಿಸುತ್ತಿದ್ದವು. ವಾಡ್ಸ್‌ವರ್ತ್ ಸ್ವತಃ ಲಿವರ್‌ಪೂಲ್‌ನಲ್ಲಿ ಆ ಬಣ್ಣದ ಕೆಲಸ ನೋಡಿಕೊಂಡವನು. ಅಂದರೆ ಈ ಹೆಸರು ಅವರದೇ ನದಿಯ, ಅವರದೇ ಅಜ್ಜಂದಿರ ಕಾಲದ ಯುದ್ಧದ ಹೆಸರು. ಅದನ್ನು ಬರೀ ಸ್ಯಾವಿಲ್‌ನ ವಿನ್ಯಾಸ ಚಾತುರ್ಯವಾಗಿ ಕೊಂಡಾಡುವುದು ನನಗೆ ಸಣ್ಣತನವಾಗಿ ಕಾಣುತ್ತದೆ.

ಈಗಿನ ಅಭಿಮಾನಿಗಳ ಜತೆ ನನ್ನ ನಿಜವಾದ ಜಗಳ ಬೇರೆ. ಅವರು ಆಲ್ಬಂ ಅನ್ನು ಎರಡು ಮಾಡುತ್ತಾರೆ: ಕೊಲಾಜ್‌ಗಳು ಕಲೆ, ರಾಗವಿರುವ ಹಾಡುಗಳು ಕಂಪನಿಗೆ ಕೊಟ್ಟ ಕಪ್ಪ. ಬೈದವರೂ ಹೀಗೇ ಸೀಳಿದ್ದರು, ಬೆಲೆ ಮಾತ್ರ ತಿರುವುಮುರುವು. ‘ಜೆನೆಟಿಕ್ ಎಂಜಿನಿಯರಿಂಗ್’ನಲ್ಲಿ ಮಕ್ಕಳಿಗೆ ಕಾಗುಣಿತ ಕಲಿಸುವ ಆಟಿಕೆಯೊಂದರ ದನಿ ಹಾಡಿನ ಬೆನ್ನೆಲುಬಾಗಿದೆ, ಅದನ್ನು ಯಾವ ಅರ್ಧಕ್ಕೆ ಹಾಕುತ್ತೀರಿ? ಕಷ್ಟವಾದದ್ದು ದೊಡ್ಡದು, ಗುನುಗಲು ಬರುವುದು ಚಿಕ್ಕದು ಎಂಬ ನಂಬಿಕೆ ಸಂಗೀತಕ್ಕಷ್ಟೇ ಸೀಮಿತವಲ್ಲ. ನಮ್ಮ ನವ್ಯ ವಿಮರ್ಶೆಯೂ ಭಾವಗೀತೆಯನ್ನು ಹೀಗೇ ಬಾಗಿಲ ಹೊರಗೆ ನಿಲ್ಲಿಸಿತು. ಹಾಡಲು ಬಂತೆಂಬ ಕಾರಣಕ್ಕೇ ಕವಿತೆಯನ್ನು ಅನುಮಾನಿಸಿದ ಆ ರುಚಿಯಿಂದ ಒಂದಿಡೀ ತಲೆಮಾರಿನ ಕಿವಿ ಮಂದವಾಯಿತು.

ಸೋತವರನ್ನು ಪೂಜಿಸುವ ಚಾಳಿಯೂ ಇದಕ್ಕೆ ಸೇರಿಕೊಂಡಿದೆ. ‘ಡೇರ್’ ಆಲ್ಬಂ ಗೆದ್ದ ಮೇಲೆ ಇನ್ನೊಂದು ಸಿಂತ್-ಪಾಪ್ ತಂಡ ಹ್ಯೂಮನ್ ಲೀಗ್ ಏಗಿ ಏಗಿ 1984ರಲ್ಲಿ ತಂದ ‘ಹಿಸ್ಟೀರಿಯಾ’ ಕೂಡ ಹಿಂದಿನ ಎತ್ತರ ಮುಟ್ಟಲಿಲ್ಲ. ಅದಕ್ಕೆ ಇಂಥ ಭಕ್ತರು ಹುಟ್ಟಿಲ್ಲ, ಹುಟ್ಟಬೇಕಾಗಿಯೂ ಇಲ್ಲ: ಅಲ್ಲಿರುವುದು ದಣಿವು ಮಾತ್ರ. ಓಎಂಡಿಯ ಮುಂದಿನ ‘ಜಂಕ್ ಕಲ್ಚರ್’ ಮಾತ್ರ ಗೆಲುವಿಗೆ ಮರಳಿದ ಒಂದೇ ಅಪರಾಧಕ್ಕೆ ಇವರ ಕಣ್ಣಲ್ಲಿ ದ್ರೋಹ. ನನಗೂ ಅದು ಪ್ರಿಯವಲ್ಲ, ಆದರೆ ಕಾರಣ ಬೇರೆ. ಅದರೊಳಗೆ ಯಾವ ದೂರದ ದನಿಯೂ ಬರುವುದಿಲ್ಲ. ರೇಡಿಯೋ ಆರಿದೆ.

‘ಡ್ಯಾಜಲ್ ಶಿಪ್ಸ್’ನ ಕೊನೆಯ ಹಾಡು ‘ಆಫ್ ಆಲ್ ದ ಥಿಂಗ್ಸ್ ವೀವ್ ಮೇಡ್’ ಹಳೆಯ ಸಿಂಗಲ್‌ನ ಹಿಂಬದಿಯದೆಂದು ಭಕ್ತರೂ ಅದನ್ನು ಭರ್ತಿಯ ಸರಕು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅಷ್ಟು ಗಡಿಯಾರಗಳು, ಸೈರನ್ನುಗಳು, ಪರದೇಶದ ಸುದ್ದಿಗಳಾದ ಮೇಲೆ, ಎರಡು ಕೈಗಳಿಂದ ಮಾಡಿದ್ದರ ಲೆಕ್ಕ ಒಪ್ಪಿಸುವ ಸಣ್ಣ ಹಾಡೊಂದು ಅಲ್ಲಿ ಬರಲೇಬೇಕಿತ್ತು. ಅದನ್ನು ಆರಿಸಿ ಅಲ್ಲಿಟ್ಟದ್ದು ಆ ಆಲ್ಬಂನ ಅತ್ಯುತ್ತಮ ನಿರ್ಧಾರ.