ಗಡುವಿಲ್ಲದ ದುರಂತಕ್ಕೆ ಕಂತುಗಳಿಲ್ಲ

2012ರ ಮೇ 22ರ ನಸುಕಿನಲ್ಲಿ ನಮ್ಮ ಅನಂತಪುರ ಸೀಮೆಯ ಪೆನುಕೊಂಡ ನಿಲ್ದಾಣದಲ್ಲಿ ಹಂಪಿ ಎಕ್ಸ್‌ಪ್ರೆಸ್ ಗೂಡ್ಸ್ ಗಾಡಿಗೆ ಗುದ್ದಿ ಸುಮಾರು 25 ಜನ ಸತ್ತರು. ಹುಬ್ಬಳ್ಳಿ, ಬಳ್ಳಾರಿ ಕಡೆಯ ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಹೊರಟಿದ್ದ ಗಾಡಿ ಅದು. ಇಂಜಿನ್ನಿಗೆ ಹತ್ತಿರದ ಬೋಗಿಗಳು ನುಜ್ಜುಗುಜ್ಜಾದವು, ಬೆಂಕಿಯೂ ಹತ್ತಿತು. ಅಂಥ ಬೋಗಿಗಳಲ್ಲಿ ಕೂರುವವರು ಯಾರೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಂಬದೂರು, ಕಲ್ಯಾಣದುರ್ಗ, ಮಡಕಶಿರದ ಮನೆಗಳಲ್ಲಿ ತೆಲುಗು ಚಾನೆಲ್ಲೂ ಓಡುತ್ತದೆ, ಕನ್ನಡ ಚಾನೆಲ್ಲೂ ಓಡುತ್ತದೆ. ಎರಡರಲ್ಲೂ ಅದು ಕೆಲವು ದಿನ ಸುದ್ದಿಯಾಗಿತ್ತು, ಆಮೇಲೆ ಇಳಿಯಿತು. ಅದನ್ನು ಕತೆ ಮಾಡಲು ಯಾರೂ ಮುಂದೆ ಬರಲಿಲ್ಲ.

ರೈಲು ನಿಲ್ದಾಣದ ಸಾವು ಕತೆಯಾಗುವುದಿಲ್ಲ ಎಂದೇನೂ ಇಲ್ಲ. 2023ರ ನವೆಂಬರಿನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ‘ದಿ ರೈಲ್ವೇ ಮೆನ್’ ಬಂತು. ಶಿವ್ ರವೈಲ್ ನಿರ್ದೇಶನದ ನಾಲ್ಕು ಕಂತುಗಳ ಸರಣಿ, 1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲ್. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಹೊರಬಿದ್ದ ರಾತ್ರಿ ಅದು. ನಿಲ್ದಾಣದಲ್ಲಿದ್ದ ಗುಲಾಂ ದಸ್ತಗೀರ್ ಎಂಬ ಅಧಿಕಾರಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದ ಗಾಡಿಯನ್ನು ಹೊತ್ತಿಗೆ ಮುಂಚೆಯೇ ಬಿಟ್ಟು ನೂರಾರು ಜೀವ ಉಳಿಸಿದ್ದು ದಾಖಲೆಯಲ್ಲಿರುವ ಸಂಗತಿ. ಸರಣಿಯಲ್ಲಿ ಅವರ ಹೆಸರು ಬೇರೆ. ಆ ಪಾತ್ರವನ್ನು ಕೇ ಕೇ ಮೆನನ್ ಮಾಡಿದ ರೀತಿಗೆ ಎರಡು ಮಾತಿಲ್ಲ. ಆದರೆ ಕಾರ್ಖಾನೆಯಲ್ಲಿ ಅನಿಲವನ್ನು ತಣ್ಣಗಿಡುವ ಯಂತ್ರ ತಿಂಗಳುಗಟ್ಟಲೆ ನಿಂತಿದ್ದದ್ದು, ಸೋರಿದ ಅನಿಲವನ್ನು ಸುಡಬೇಕಾದ ಕೊಳವೆ ಕಳಚಿಟ್ಟಿದ್ದು, ಖರ್ಚು ಉಳಿಸಲು ಕೆಲಸಗಾರರನ್ನು ಕಡಿಮೆ ಮಾಡಿದ್ದು, ಇವು ಮೊದಲಿಗೆ ಒಂದಿಷ್ಟು ಬಂದು ಹಿಂದೆ ಸರಿಯುತ್ತವೆ. ಮುಂದೆ ಕತೆ ಪೂರ್ತಿ ಗಾಡಿ ಹೊರಡುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ. 1989ರಲ್ಲಿ 47 ಕೋಟಿ ಡಾಲರಿಗೆ ಸರ್ಕಾರವೂ ಕಂಪನಿಯೂ ಕೈಕುಲುಕಿದ ಕತೆಗೆ ಅಲ್ಲಿ ಎಷ್ಟು ಜಾಗ ಸಿಕ್ಕೀತು? ಅದಕ್ಕೆ ಸೈರನ್ ಇಲ್ಲ, ಓಟ ಇಲ್ಲ.

ಇದು ಒಂದು ಸರಣಿಯ ದೋಷವಲ್ಲ. ಕಳೆದ ಕೆಲವು ವರ್ಷಗಳಲ್ಲಿ ನಮ್ಮಲ್ಲಿ ಬೆಳೆದ ಒಂದು ಮಾರ್ಗವೇ ಹಾಗಿದೆ. ದೇಶದ ದುರಂತವನ್ನು ಅದು ಎರಡು ಅಚ್ಚಿನಲ್ಲಿ ಮಾತ್ರ ಎರಕ ಹೊಯ್ಯಬಲ್ಲದು: ಒಂದೋ ಪಾರುಮಾಡುವ ಸಾಹಸ, ಇಲ್ಲವೇ ಅಪರಾಧಿಯ ಬೇಟೆ. ಎರಡಕ್ಕೂ ಗಡುವು ಬೇಕು, ಡ್ಯೂಟಿಯಲ್ಲಿರುವ ಒಬ್ಬ ಒಳ್ಳೆಯ ಅಧಿಕಾರಿ ಬೇಕು. 1999ರ ಡಿಸೆಂಬರಿನ ವಿಮಾನ ಅಪಹರಣದ ಮೇಲೆ ಅನುಭವ್ ಸಿನ್ಹಾ ಮಾಡಿದ ‘ಐಸಿ 814’ 2024ರಲ್ಲಿ ಬಂದಾಗ ಗದ್ದಲ ಎದ್ದದ್ದು ಅಪಹರಣಕಾರರ ‘ಭೋಲಾ’, ‘ಶಂಕರ್’ ಎಂಬ ಗುಪ್ತನಾಮಗಳ ಮೇಲೆ. ಆ ಹೆಸರುಗಳನ್ನು ಅವರೇ ಇಟ್ಟುಕೊಂಡದ್ದು ನಿಜ; ಕೊನೆಗೆ ಸರಣಿಯ ಆರಂಭದಲ್ಲಿ ಅಸಲಿ ಹೆಸರುಗಳನ್ನು ಸೇರಿಸಿದರು. ಗದ್ದಲ ಮಾಡಿದವರಾಗಲಿ ಸರಣಿಯಾಗಲಿ ಕೊಲೆಯಾದ ಆ ಒಬ್ಬ ಪ್ರಯಾಣಿಕನ ಮೇಲೆ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಈ ಮಾರ್ಗ ಬೆಳೆಯುವ ಮೊದಲು ಹೀಗಿರಲಿಲ್ಲ ಎಂಬುದಕ್ಕೆ ‘ತಮಸ್’ ಸಾಕ್ಷಿ. ಭೀಷ್ಮ ಸಾಹನಿ ಕಾದಂಬರಿಯನ್ನು ಗೋವಿಂದ್ ನಿಹಲಾನಿ ಧಾರಾವಾಹಿ ಮಾಡಿದರು, 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಬಂತು. ವಿಭಜನೆಯ ಹೊಸ್ತಿಲಲ್ಲಿ ರಾವಲ್ಪಿಂಡಿ ಸೀಮೆಯ ಗಲಭೆ. ಅದರ ನಡುವೆ ನಿಂತವನು ಅಧಿಕಾರಿಯಲ್ಲ, ಚರ್ಮ ಹದ ಮಾಡುವ ನತ್ಥೂ. ಐದು ರೂಪಾಯಿಗೆ ಒಂದು ಹಂದಿಯನ್ನು ಕೊಂದುಕೊಟ್ಟ, ಅದು ಮಸೀದಿಯ ಮೆಟ್ಟಿಲ ಮೇಲೆ ಸಿಕ್ಕಿತು. ಆಮೇಲಿನ ಉದ್ದಕ್ಕೂ ಓಂ ಪುರಿಯ ಮುಖದಲ್ಲಿ ‘ಇದನ್ನು ಮಾಡಿದವನು ನಾನೇನಾ’ ಎಂಬ ಪ್ರಶ್ನೆ ಕರಗುವುದೇ ಇಲ್ಲ. ಜಿಲ್ಲೆಯನ್ನು ಆಳುವ ಇಂಗ್ಲಿಷ್ ಅಧಿಕಾರಿ ಹಳೆಯ ಶಿಲ್ಪಗಳ ಅಭ್ಯಾಸಿ, ಸುಸಂಸ್ಕೃತ. ಗಲಭೆ ತಡೆಯಲು ಮಾತ್ರ ಬೆರಳೆತ್ತುವುದಿಲ್ಲ. ಯಾರೂ ಯಾರನ್ನೂ ಪಾರುಮಾಡುವುದಿಲ್ಲ. ಹೆಂಗಸರು ಬಾವಿಗೆ ಹಾರುತ್ತಾರೆ.

‘ತಮಸ್’ ನಿಲ್ಲಿಸಬೇಕೆಂದು ಕೋರ್ಟಿಗೆ ಹೋದವರಿದ್ದರು. ಬಾಂಬೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಲೆಂಟಿನ್ ಮತ್ತು ಸುಜಾತಾ ಮನೋಹರ್, ಪೂರ್ತಿ ನೋಡಿಯೇ ತೀರ್ಪು ಕೊಟ್ಟರು. ಸುಪ್ರೀಂ ಕೋರ್ಟ್ ಸಹ ಸಾಮಾನ್ಯ ವಿವೇಕವುಳ್ಳ ನೋಡುಗನನ್ನೇ ಅಳತೆಗೋಲಾಗಿ ಹಿಡಿದು ಪ್ರಸಾರವನ್ನು ಎತ್ತಿಹಿಡಿಯಿತು. ಇಷ್ಟಾದರೂ ‘ತಮಸ್’ನಲ್ಲಿ ಒಂದು ಸುಲಭದ ದಾರಿ ಇದೆ. ಹಂದಿ ಕೊಲ್ಲಿಸಿದ ಗುತ್ತಿಗೆದಾರ ಎಂಬ ಸಂಚುಗಾರ ಸಿಕ್ಕಿಬಿಡುವುದರಿಂದ, ನೆರೆಮನೆಯವರೇ ಕತ್ತಿ ಹಿಡಿದದ್ದು ಹೇಗೆ ಎಂಬ ಕಷ್ಟದ ಪ್ರಶ್ನೆಯ ಭಾರ ಒಂದಷ್ಟು ಇಳಿಯುತ್ತದೆ.

ಅಲ್ಲಿ ಜರ್ನೈಲ್ ಎಂಬ ಅರೆಹುಚ್ಚ ಕಾಂಗ್ರೆಸಿಗ ಇದ್ದಾನೆ. ಊರು ಉರಿಯುವಾಗ ಬೀದಿಯಲ್ಲಿ ನಿಂತು ಭಾಷಣ ಮಾಡುತ್ತಾನೆ, ಹೊಡೆತ ತಿಂದು ಸಾಯುತ್ತಾನೆ. ನಮ್ಮ ಸೀಮೆಯ ನಿಮ್ಮಲಕುಂಟೆಯ ತೊಗಲು ಗೊಂಬೆಯಾಟ ನೋಡಿದವರಿಗೆ ಈತ ಗುರುತು ಸಿಗುತ್ತಾನೆ. ರಾಮ ರಾವಣರ ನಡುವೆ ನುಗ್ಗಿ, ದೊಡ್ಡವರ ಮಾತಿಗೆ ಅಡ್ಡಮಾತು ಹಾಕುವ ಹಾಸ್ಯದ ಗೊಂಬೆಗಳಿಲ್ಲದೆ ಅಲ್ಲಿ ಆಟವೇ ಇಲ್ಲ. ಬಯಲಾಟದ ಸಾರಥಿಯೂ ರಾಜನನ್ನು ‘ನೀನು ಯಾರಪ್ಪಾ’ ಎಂದು ಕೇಳಿಯೇ ಒಳಗೆ ಬಿಡುವವನು. ಈಗಿನ ಸರಣಿಗಳಲ್ಲಿ ಕಾಣೆಯಾದದ್ದು ಈ ಅಡ್ಡಮಾತಿನವನು. ಎಲ್ಲರೂ ಗಂಭೀರ, ಎಲ್ಲರೂ ಫೈಲು ಹಿಡಿದವರು, ಹಿನ್ನೆಲೆ ಸಂಗೀತವೂ ಅಧಿಕಾರಿಯ ಪಕ್ಷ.

ಕನ್ನಡಕ್ಕೆ ಹತ್ತಿರದ ಉದಾಹರಣೆ ಕೋಣನಕುಂಟೆ. 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಸಂಚಿನ ಮುಂದಾಳು ಶಿವರಾಸನ್, ಶುಭಾ ಮತ್ತು ಸಂಗಡಿಗರು ಟ್ಯಾಂಕರ್ ಲಾರಿಯಲ್ಲಿ ಅಡಗಿ ಬೆಂಗಳೂರಿಗೆ ಬಂದು, ಮನೆಯಿಂದ ಮನೆಗೆ ಬದಲಾಯಿಸುತ್ತ ಕೋಣನಕುಂಟೆ ಸೇರಿದರು. ಅತ್ತ ಮುತ್ತತ್ತಿ, ಬಿರೂಟದಲ್ಲಿ ಅಡಗಿದ್ದ ಅವರ ಕಡೆಯವರು ಪೊಲೀಸರನ್ನು ಕಂಡು ಸಯನೈಡ್ ಕಚ್ಚಿದರು. ಆಗಸ್ಟ್ ತಿಂಗಳಲ್ಲಿ ಕೋಣನಕುಂಟೆಯ ಮನೆ ಗೊತ್ತಾದ ಮೇಲೂ, ಜೀವಂತ ಹಿಡಿಯಬೇಕು, ಕಮಾಂಡೋಗಳು ಬರಲಿ ಎಂದು ಕಾದರು. 20ರ ಬೆಳಗಿನ ಜಾವ ಒಳಗೆ ನುಗ್ಗಿದಾಗ ಏಳು ಹೆಣ.

ಇದರ ಮೇಲೆ ಎ.ಎಂ.ಆರ್. ರಮೇಶ್ 2006ರಲ್ಲಿ ‘ಸೈನೈಡ್’ ಮಾಡಿದರು. ಅದು ಚಿತ್ರಮಂದಿರದ ಸಿನಿಮಾ. ಆದರೆ ನಮ್ಮ ಕಡೆ ಅದನ್ನು ನೋಡಿದವರಲ್ಲಿ ಹೆಚ್ಚಿನವರು ಟಿವಿಯಲ್ಲೇ ನೋಡಿದ್ದು. ನಾಗೇಶ್ ಕುಕುನೂರ್ ಅದೇ ಪ್ರಕರಣವನ್ನು ಅನಿರುದ್ಧ್ಯ ಮಿತ್ರ ಅವರ ಪುಸ್ತಕದ ಆಧಾರದ ಮೇಲೆ 2025ರ ಜುಲೈನಲ್ಲಿ ಸೋನಿಲಿವ್‌ಗೆ ‘ದಿ ಹಂಟ್’ ಎಂದು ಏಳು ಕಂತು ಮಾಡಿದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಈ ಮಾರ್ಗದ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ.

‘ದಿ ಹಂಟ್’ ಅಚ್ಚುಕಟ್ಟು. ಅಮಿತ್ ಸಿಯಾಲ್ ಮಾಡಿದ ತನಿಖಾಧಿಕಾರಿ ಡಿ.ಆರ್. ಕಾರ್ತಿಕೇಯನ್ ಎಲ್ಲೂ ಕೂಗುವುದಿಲ್ಲ. ಸ್ಫೋಟದಲ್ಲೇ ಸತ್ತ ಫೋಟೋಗ್ರಾಫರ್ ಹರಿಬಾಬುವಿನ ಕ್ಯಾಮೆರಾ ಉಳಿದು, ಅದರ ರೀಲಿನಿಂದ ತನಿಖೆ ಹೆಜ್ಜೆಹೆಜ್ಜೆಯಾಗಿ ಬಿಚ್ಚುವುದನ್ನು ಕುಕುನೂರ್ ತಾಳ್ಮೆಯಿಂದ ತೋರಿಸುತ್ತಾರೆ. ಗುಪ್ತಚರರ ಎಡವಟ್ಟು, ದೆಹಲಿಯ ಮೀನಮೇಷ, ಕೊನೆಯ ಕಾಯುವಿಕೆಯ ಅವಮಾನ ಎಲ್ಲವೂ ಇವೆ. ಆದರೆ ಹತ್ಯೆ ಮೊದಲ ಕಂತಿನ ಕೆಲಸವಾಗಿ ಮುಗಿಯುತ್ತದೆ. ಆ ರಾತ್ರಿ ರಾಜೀವ್ ಜೊತೆ ಬಂದೋಬಸ್ತಿಗೆ ನಿಂತ ಪೊಲೀಸರು ಸತ್ತರು, ಕಾರ್ಯಕರ್ತರು ಸತ್ತರು, ರಾಜೀವ್ ಮುಂದೆ ಕವಿತೆ ಓದಿದ ಹುಡುಗಿಯೂ ಸತ್ತಳು. ಬೇಟೆಯ ಕತೆಯಲ್ಲಿ ಇವರೆಲ್ಲ ಸುಳಿವಿನ ಭಾಗ. ಅವರ ಮನೆಗಳಿಗೆ ಹೋಗಲು ತನಿಖಾಧಿಕಾರಿಗೆ ಪುರಸೊತ್ತಿಲ್ಲ, ಅವನಿಗಿಲ್ಲದ ಪುರಸೊತ್ತು ಕ್ಯಾಮೆರಾಕ್ಕೂ ಇಲ್ಲ.

‘ಸೈನೈಡ್’ ಕುಶಲತೆಯಲ್ಲಿ ಹಿಂದೆ. ಸಂಗೀತ ಅಬ್ಬರ, ಕೆಲವು ಪೊಲೀಸ್ ದೃಶ್ಯಗಳು ಒರಟು. ಆದರೂ ಅದು ಮಾಡಿದ ಒಂದು ಆಯ್ಕೆ ಸರಣಿಗಿಂತ ದೊಡ್ಡದು: ಹೆಚ್ಚು ಹೊತ್ತು ಮನೆಯೊಳಗೇ ಉಳಿಯಿತು. ಬಾಡಿಗೆಯ ಆಸೆಗೋ, ನಂಬಿಕೆಗೋ, ಭಯಕ್ಕೋ ಒಳಗೆ ಬಿಟ್ಟುಕೊಂಡ ದಂಪತಿ, ತಮ್ಮ ಮನೆಯಲ್ಲಿ ತಾವೇ ಸೆರೆ. ರಂಗಾಯಣ ರಘು ಬೆವರೊರೆಸಿಕೊಳ್ಳುವ ರೀತಿ, ತಾರಾ ಅಡುಗೆಮನೆಯಲ್ಲಿ ನಿಂತು ಹಾಲ್‌ನ ಸದ್ದಿಗೆ ಕಿವಿಗೊಡುವ ರೀತಿ, ರವಿ ಕಾಳೆಯ ಶಿವರಾಸನ್ ಊಟಕ್ಕೆ ಕೂತಾಗಲೂ ಬಾಗಿಲ ಕಡೆಗಿಟ್ಟ ಕಣ್ಣು, ಇಲ್ಲಿ ರಾಷ್ಟ್ರದ ದುರಂತ ಒಂದು ಬಡಾವಣೆಯ ಮನೆಯ ಅಳತೆಗೆ ಇಳಿದಿತ್ತು. ಕನ್ನಡಕ್ಕೆ ಸಿಕ್ಕಿದ್ದ ದಾರಿ ಇದು. ರಮೇಶ್ ಅವರೇ ಅದನ್ನು ಮುಂದೆ ಹಿಡಿಯಲಿಲ್ಲ. 2013ರ ‘ಅಟ್ಟಹಾಸ’ದಲ್ಲಿ ವೀರಪ್ಪನ್ ಕತೆ ಮತ್ತೆ ಬೇಟೆಯೇ ಆಯಿತು. ಕಾಡಂಚಿನ ಊರುಗಳ ಜನ ಎರಡೂ ಕಡೆಯಿಂದ ತಿಂದ ಏಟು ಹಿನ್ನೆಲೆಗೆ ಸರಿಯಿತು.

ಕನ್ನಡ ಟಿವಿ ಈ ನಡುವೆ ಏನು ಮಾಡುತ್ತಿತ್ತು ಎಂದರೆ, ‘ಕ್ರೈಂ ಡೈರಿ’ ಮಾಡುತ್ತಿತ್ತು. ತೆಲುಗಿನಲ್ಲಿ ‘ನೇರಾಲು ಘೋರಾಲು’. ರಾತ್ರಿ ಊಟದ ಹೊತ್ತಿಗೆ ನಡುಗುವ ದನಿಯ ನಿರೂಪಣೆ, ನಿಧಾನಗತಿಯಲ್ಲಿ ಎತ್ತಿದ ಮಚ್ಚು. ಆ ಬಗ್ಗೆ ಇಷ್ಟು ಸಾಕು.

ಕತೆಯಾಗದೆ ಉಳಿದದ್ದು ಪೆನುಕೊಂಡ ಒಂದೇ ಅಲ್ಲ. ಪಾವಗಡ ತಾಲೂಕು ನಮಗೆ ಪರವೂರಲ್ಲ, ಕೊಡುವ ತರುವ ಸಂಬಂಧಗಳ ನೆಲ. ಅಲ್ಲಿನ ವೆಂಕಟಮ್ಮನಹಳ್ಳಿಯ ಶಾಲೆಯಲ್ಲಿ ಬೀಡುಬಿಟ್ಟಿದ್ದ ಕೆಎಸ್‌ಆರ್‌ಪಿ ತುಕಡಿಯ ಮೇಲೆ 2005ರ ಫೆಬ್ರವರಿ 10ರ ರಾತ್ರಿ ನಕ್ಸಲರು ಬಿದ್ದು, ಏಳು ಪೊಲೀಸರೂ ಒಬ್ಬ ನಾಗರಿಕನೂ ಸತ್ತರು. ನಾಲ್ಕು ದಿನ ಮುಂಚೆ ಚಿಕ್ಕಮಗಳೂರಿನ ಕಾಡಿನಲ್ಲಿ ನಕ್ಸಲ್ ಮುಖಂಡ ಸಾಕೇತ್ ರಾಜನ್ ಹತನಾಗಿದ್ದ. ಇದನ್ನು ಸರಣಿ ಮಾಡಲು ಹೊರಟವರಿಗೆ ಮೊದಲ ತೊಡಕು, ಇದರಲ್ಲಿ ಪಾರುಮಾಡಿದವನಿಲ್ಲ. ಎರಡನೆಯದು, ಸತ್ತ ಪೇದೆಗಳ ಮನೆಯೂ, ಕೊಲ್ಲಲು ಬಂದವರು ಹುಟ್ಟಿದ ಮನೆಗಳೂ ಹೆಚ್ಚುಕಡಿಮೆ ಒಂದೇ ಬಗೆಯ ಮಳೆಯಿಲ್ಲದ ಊರುಗಳವು ಎಂದು ತೋರಿಸಬೇಕಾಗುತ್ತದೆ. ಅಧಿಕಾರಿಯ ಕಣ್ಣಿನಿಂದ ಮಾತ್ರ ನೋಡಿ ಅಭ್ಯಾಸವಾದ ಮಾರ್ಗಕ್ಕೆ ಅದು ಆಗದ ಮಾತು.

ಈಚಿನವುಗಳಲ್ಲಿ ಈ ಅಚ್ಚನ್ನು ಒಡೆದದ್ದು ‘ಟ್ರಯಲ್ ಬೈ ಫೈರ್’ (2023). 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ 59 ಜನ ಉಸಿರುಗಟ್ಟಿ ಸತ್ತರು. ಅವರು ನೋಡುತ್ತಿದ್ದದ್ದು ‘ಬಾರ್ಡರ್’, ಅದೂ 1971ರ ನಿಜ ಯುದ್ಧವನ್ನು ಕತೆ ಮಾಡಿದ ಸಿನಿಮಾ. ಇಬ್ಬರು ಮಕ್ಕಳನ್ನು ಕಳೆದುಕೊಂಡ ನೀಲಂ ಮತ್ತು ಶೇಖರ್ ಕೃಷ್ಣಮೂರ್ತಿ ಬರೆದ ಪುಸ್ತಕವೇ ಸರಣಿಗೆ ಮೂಲ. ಬೆಂಕಿ ಇಲ್ಲಿ ಮುಗಿಯುವ ಘಟನೆಯಲ್ಲ, ಇಪ್ಪತ್ತು ಚಿಲ್ಲರೆ ವರ್ಷಗಳ ಕೋರ್ಟು ಕಚೇರಿ. ವಾಯಿದೆ, ಮತ್ತೆ ವಾಯಿದೆ. ರಾಜಶ್ರೀ ದೇಶಪಾಂಡೆಯ ನೀಲಂ ಫೈಲುಗಳ ನಡುವೆ ಮುದುಕಿಯಾಗುತ್ತಾಳೆ. ಬೇಸರವನ್ನೇ ನಾಟಕವಾಗಿಸುವ ಧೈರ್ಯ ಇದ್ದುದರಿಂದ ಅದು ಗೆದ್ದಿತು.

ಹಾಗೆಂದು ಬೇಸರದ ಕಲೆ ಕನ್ನಡಕ್ಕೆ ಹೊಸದೇನಲ್ಲ. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿ ಟಿವಿಗೆ ಧಾರಾವಾಹಿ ಮಾಡಿದ್ದರು. ಹಳೇ ಮೈಸೂರು ಸೀಮೆಯ ಪ್ಲೇಗು, ಬರ, ಕೈಲಾಗದ ಶಾನುಭೋಗನ ಹೆಂಡತಿಯಾಗಿ ತಾನೇ ಲೆಕ್ಕ ಬರೆಯುವ ನಂಜಮ್ಮ. ಬೆಳೆದ ಮಗಳು, ಮಗ ಒಬ್ಬರ ಹಿಂದೊಬ್ಬರು ಪ್ಲೇಗಿಗೆ ಹೋಗುತ್ತಾರೆ. ಮಾರನೆಯ ದಿನವೂ ಮನೆಯ ಕೆಲಸ ಇದ್ದೇ ಇರುತ್ತದೆ. ದೇಶದಲ್ಲಿ ಲಕ್ಷಗಟ್ಟಲೆ ಜನರನ್ನು ತಿಂದ ರೋಗ ಅದು. ಅದನ್ನು ವೈದ್ಯರ ಸಾಹಸವಾಗಿಸದೆ ಒಂದು ಮನೆಯ ಒಲೆ, ಲೆಕ್ಕದ ಪುಸ್ತಕಗಳ ನಡುವೆ ಕಟ್ಟಿದ್ದು ಕನ್ನಡ ಕಿರುತೆರೆ ಮಾಡಿದ ಅತಿ ದೊಡ್ಡ ಕೆಲಸವೆಂದೇ ನನ್ನ ಲೆಕ್ಕ. ಅದಾದ ಮೇಲೆ ಮೆಗಾ ಧಾರಾವಾಹಿಗಳೇ ತುಂಬಿಕೊಂಡವು, ಸೀರೆ ಒಡವೆಗಳ ಮನೆಗಳೇ ತುಂಬಿಕೊಂಡವು.

ಅಂಥ ಬೇಸರದ ಕತೆ ನಮ್ಮ ನೆಲದಲ್ಲೇ ಇದೆ. ಅನಂತಪುರ ಸೀಮೆಯ ವರ್ಷದ ಸರಾಸರಿ ಮಳೆ 550 ಮಿಲಿಮೀಟರಿನ ಆಸುಪಾಸು. ಕಡಲೆಕಾಯಿ ಒಂದನ್ನೇ ನಂಬಿದ ಹೊಲ, ಬತ್ತಿದ ಬೋರು, ಬೆಂಗಳೂರಿಗೆ ಗುಳೆ, ನಡುವೆ ತೊಂಬತ್ತರ ದಶಕದ ಕೊನೆಯಿಂದ ನೂರಾರು ರೈತರ ಆತ್ಮಹತ್ಯೆ. 2004ರಲ್ಲಿ ಆಂಧ್ರ ಸರ್ಕಾರ ಸತ್ತವರ ಕುಟುಂಬಕ್ಕೆ ಒಂದೂವರೆ ಲಕ್ಷದ ಪರಿಹಾರ ಘೋಷಿಸಿತು. ಅದನ್ನು ಕೊಡುವ ಮುಂಚೆ ಕಂದಾಯ, ಪೊಲೀಸ್, ಕೃಷಿ ಇಲಾಖೆಗಳ ಅಧಿಕಾರಿಗಳು ಮನೆಗೆ ಬಂದು ಇದು ‘ನಿಜವಾದ’ ರೈತ ಆತ್ಮಹತ್ಯೆ ಹೌದೋ ಅಲ್ಲವೋ ಎಂದು ತೀರ್ಮಾನಿಸಬೇಕು. ಎಫ್‌ಐಆರ್ ಬೇಕು, ಪೋಸ್ಟ್‌ಮಾರ್ಟಂ ವರದಿ ಬೇಕು, ಪಾಸ್‌ಬುಕ್ ಬೇಕು. ಪಾಸ್‌ಬುಕ್ ಅಪ್ಪನ ಹೆಸರಿನಲ್ಲಿದ್ದರೆ? ಗುತ್ತಿಗೆಗೆ ಮಾಡಿದ ಹೊಲವಾದರೆ? ಬಡ್ಡಿಯವನ ಸಾಲಕ್ಕೆ ಕಾಗದವೇ ಇಲ್ಲದಿದ್ದರೆ? ಆಗ ಸತ್ತವನು ರೈತನೇ ಅಲ್ಲ.

ನಾಟಕ ಬಲ್ಲವನಿಗೆ ಇದಕ್ಕಿಂತ ಬಿಗಿಯಾದ ದೃಶ್ಯ ಇನ್ನೆಲ್ಲಿ ಸಿಗುತ್ತದೆ? ಒಂದು ಪಡಸಾಲೆ, ಮೂವರು ಅಧಿಕಾರಿಗಳು, ಕಾಗದ ಹುಡುಕುವ ಹೆಂಡತಿ, ಅಧಿಕಾರಿ ತೆಲುಗಿನಲ್ಲಿ ಕೇಳಿದ್ದಕ್ಕೆ ಅರ್ಧ ಕನ್ನಡದಲ್ಲಿ ಉತ್ತರ ಕೊಡುವ ಅತ್ತೆ, ಬಾಗಿಲ ಹೊರಗೆ ನಿಂತ ಬಡ್ಡಿಯವನು. ಒಳ್ಳೆಯ ಅಧಿಕಾರಿ ಒಬ್ಬನಿರಬಹುದು, ಆದರೆ ಅವನು ಯಾರನ್ನೂ ಉಳಿಸಲಾರ. ಉಳಿಸಬೇಕಾದವನು ಆಗಲೇ ಸತ್ತಿದ್ದಾನೆ. ನಿರ್ಮಾಪಕರು ಮೊದಲು ಕೇಳುವ ಪ್ರಶ್ನೆ ಗೊತ್ತಿರುವುದೇ: ಕೊನೆಯ ಕಂತಿನಲ್ಲಿ ಏನಾಗುತ್ತದೆ? ಮುಂದಿನ ಮುಂಗಾರಿಗೆ ಅದೇ ಹೊಲದಲ್ಲಿ ಮತ್ತೆ ಕಡಲೆಕಾಯಿ ಬಿತ್ತುತ್ತಾರೆ, ಬೀಜಕ್ಕೆ ಸಾಲ ತಂದು.