ತಂದೂರಿನ ಗೋಡೆ, ಹಂಚಿನ ರೊಟ್ಟಿ

ಬೀದರಿನಲ್ಲಿ ನಾನ್ ಸುಡುವವರ ಕೈಚಳಕ ನೋಡಬೇಕು. ಹುದುಗು ಬಂದ ಗೋಧಿ ಹಿಟ್ಟನ್ನು ಅಗಲ ಮಾಡಿ, ಹಿಂಬದಿಗೆ ನೀರು ಸವರಿ, ಗಾದಿಯ ಮೇಲಿಟ್ಟು ತಂದೂರಿನ ಒಳಗೋಡೆಗೆ ಒಂದೇ ಏಟಿಗೆ ಅಂಟಿಸುತ್ತಾರೆ. ಬೆಂದದ್ದನ್ನು ಕೊಕ್ಕೆಯಿಂದ ಎಳೆಯುತ್ತಾರೆ. ತಿನ್ನುವವರು ತಡಮಾಡಬಾರದು, ಆರಿದ ನಾನ್ ತೊಗಲಿನಂತೆ ಜಗ್ಗುತ್ತದೆ.

ಈ ಬಗೆಯ ರೊಟ್ಟಿ ಇರಾನ್, ಮಧ್ಯ ಏಷ್ಯಾಗಳ ನಿತ್ಯದ ಊಟ. 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಮೇಲೆ ಇರಾನಿನ ಸೂಫಿಗಳು, ವಿದ್ವಾಂಸರು, ವ್ಯಾಪಾರಿಗಳು ಇಲ್ಲಿ ನೆಲೆಸಿದರು. ಆ ಸೂಫಿಗಳಲ್ಲಿ ಒಬ್ಬರಾದ ಶಾ ಖಲೀಲುಲ್ಲಾ ಅವರ ಸಮಾಧಿ, ಚೌಖಂಡಿ, ಅಷ್ಟೂರಿನ ದಾರಿಯಲ್ಲಿದೆ. ಇರಾನಿನ ಗೀಲಾನಿನಿಂದ ಬಂದ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ ಮದರಸಾ 1472ರದು. ನೆಲದಡಿ ನೀರು ಹರಿಸುವ ಕರೇಜ್ ಕೂಡ ಇರಾನಿನ ಜಾಣ್ಮೆಯೇ. ಆಸ್ಥಾನದಲ್ಲಿ ಹೊರಗಿನಿಂದ ಬಂದ ಈ ಆಫಾಕಿಗಳಿಗೂ ಸ್ಥಳೀಯ ದಖನಿಗಳಿಗೂ ಹಾಡಹಗಲ ವೈರ. 1481ರಲ್ಲಿ ಗಾವಾನನ ತಲೆಯೇ ಹೋಯಿತು. ಅಡುಗೆ ಅದಕ್ಕಿಂತ ಉದಾರವಾಗಿತ್ತು. ದಖನಿ ಊಟದಲ್ಲಿ ಹುಣಸೆಹುಳಿಯೂ ಕೇಸರಿಯೂ ಒಂದೇ ಪಂಕ್ತಿಗೆ ಕೂತವು.

ಮುಂದೆ ಬೀದರ್ ನಿಜಾಮರ ಕೈಸೇರಿತು. ಅವರ ಹಳದಿ ಬಾವುಟದ ನಡುವಿನ ದುಂಡು ಗುರುತು ಕುಲ್ಚಾ ರೊಟ್ಟಿ ಎಂಬುದು ಐತಿಹ್ಯ. ಮೊದಲ ನಿಜಾಮನಿಗೆ ಸೂಫಿಯೊಬ್ಬರು ಏಳು ಕುಲ್ಚಾ ತಿನ್ನಿಸಿ, ಏಳು ತಲೆಮಾರಿನ ಆಳ್ವಿಕೆಯನ್ನು ಹರಸಿದರಂತೆ.

ವಲಸೆ ಬಂದವರ ರೊಟ್ಟಿಗೆ ಎಷ್ಟು ಗೌರವ ಸಲ್ಲಬೇಕೆಂದು ಅಮೆರಿಕದ ಬಾಸ್ಕ್ ಜನ ತೋರಿಸಿದ್ದಾರೆ. ಸ್ಪೇನ್–ಫ್ರಾನ್ಸ್ ಗಡಿಯಿಂದ ಹೋದ ಅವರು ನೆವಾಡಾ, ಐಡಾಹೊ ಗುಡ್ಡಗಳಲ್ಲಿ ಕುರಿ ಕಾಯುತ್ತ, ಮುಚ್ಚಳದ ಎರಕದ ಪಾತ್ರೆಯನ್ನು ಕೆಂಡದ ಗುಂಡಿಯಲ್ಲಿ ಹೂತು ಬ್ರೆಡ್ ಬೇಯಿಸಿಕೊಂಡರು. ಅದೇ ಕುರಿಗಾಹಿ ಬ್ರೆಡ್ಡಿಗೆ ಎಲ್ಕೋ ಊರಿನ ಬಾಸ್ಕ್ ಹಬ್ಬದಲ್ಲಿ ಸ್ಪರ್ಧೆಯೇ ನಡೆದಿದೆ. ನಮ್ಮ ಬೀದರಿನ ಲೋಹದ ಕುಸುರಿ, ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; ಬೀದರಿನ ನಾನ್, ಹಾಲು ಕೇಸರಿಯ ಶೀರ್ಮಾಲ್‌ಗಳಿಗೂ ಊರು ಒಂದು ಹಬ್ಬ ಮಾಡಬೇಕು. ಮದರಸಾದ ಅಂಗಳಕ್ಕಿಂತ ಒಳ್ಳೆಯ ಜಾಗ ಯಾವುದಿದೆ?

ಆ ಹಬ್ಬದಲ್ಲಿ ಭಾಲ್ಕಿ, ಔರಾದ್ ಕಡೆಯ ಜೋಳದ ರೊಟ್ಟಿಗೂ ಪಾಲಿರಲಿ. ಜೋಳದಲ್ಲಿ ಗೋಧಿಯ ಅಂಟಿಲ್ಲ. ಹುದುಗು ಹಾಕಿದರೂ ನಾನ್‌ನಂತೆ ಉಬ್ಬದು, ತಂದೂರಿನ ಗೋಡೆಯಲ್ಲಿ ನಿಲ್ಲದು. ಕುದಿನೀರಲ್ಲಿ ನಾದಿ, ಕೈಯಿಂದ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿಯ ಜೊತೆ ಸಜ್ಜೆ ರೊಟ್ಟಿಯೂ ಬರುತ್ತದೆ. ದುಡಿಯಲು ಹೈದರಾಬಾದಿಗೋ ಪುಣೆಗೋ ಹೊರಟವರು ಕಟ್ಟಿಕೊಳ್ಳುವುದು ಖಡಕ್ ರೊಟ್ಟಿ: ತೇವ ತಾಗದಿದ್ದರೆ ವಾರಗಟ್ಟಲೆ ಕೆಡದು, ಜೊತೆಗೆ ಶೇಂಗಾ ಹಿಂಡಿ ಇದ್ದರೆ ಊಟವೇ ಆಯಿತು.